ಅರವತ್ತೈದಕ್ಕೆ ಮೊದಲ ರೆಕಾರ್ಡು: ಸಾಂಬಾ ಹಾಡುಗಾರ ಕಾರ್ತೋಲಾ ಮತ್ತು ಅವರ ಬೆನ್ನಿಗೆ ನಿಂತ ಕೈಗಳು

1956. ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರ. ಸಮುದ್ರ ದಂಡೆಯ ಇಪನೇಮಾ ಅನ್ನುವ ಬಡಾವಣೆಯಲ್ಲಿ ಸೆರ್ಜಿಯೊ ಪೋರ್ತೊ ಎಂಬ ಪತ್ರಕರ್ತರ ಕಣ್ಣಿಗೆ ಒಬ್ಬ ಕಾರು ತೊಳೆಯುವ ಕೆಲಸಗಾರ ಬಿದ್ದ. ಮೈಯೆಲ್ಲ ಒಣಗಿದಂತಿದ್ದ, ಬಟ್ಟೆ ಒದ್ದೆಯಾಗಿತ್ತು, ವಯಸ್ಸು ಐವತ್ತರ ಹತ್ತಿರ. ಪೋರ್ತೊ ಎರಡನೇ ಸಲ ನೋಡಿದರು. ಇವರು ಕಾರ್ತೋಲಾ ಅಲ್ಲವೇ?

ಸಾಂಬಾ ಸಂಗೀತ ಬಲ್ಲವರಿಗೆ ಆ ಹೆಸರು ಗೊತ್ತಿತ್ತು. ದೇಶದ ದೊಡ್ಡ ಗಾಯಕರು ಅವರ ಹಾಡುಗಳನ್ನು ಹಾಡಿ ಹೆಸರು ಮಾಡಿದ್ದರು. ಆದರೆ ಹಾಡು ಕಟ್ಟಿದವರು ಹತ್ತಿರ ಹತ್ತಿರ ಹತ್ತು ವರ್ಷದಿಂದ ಎಲ್ಲೂ ಕಂಡಿರಲಿಲ್ಲ. ಸತ್ತೇ ಹೋಗಿರಬೇಕು ಅಂತ ಹಲವರು ನಂಬಿದ್ದರು. ಸಾಯದೆ ಉಳಿದಿದ್ದ ಅವರು ಬೇರೆಯವರ ಕಾರು ತೊಳೆದು ಹೊಟ್ಟೆ ಹೊರೆಯುತ್ತಿದ್ದರು.

ಅದಾಗಿ ಹದಿನೆಂಟು ವರ್ಷಕ್ಕೆ, 1974ರಲ್ಲಿ, ಅದೇ ಮನುಷ್ಯನ ಮೊದಲ ಎಲ್‌ಪಿ ರೆಕಾರ್ಡು ಬಂತು. ಆಗ ಅವರಿಗೆ ಅರವತ್ತೈದು ವರ್ಷ. ಮುಂದೆ 1976ರಲ್ಲಿ ಎರಡನೆಯದು ಬಂತು. ಎರಡಕ್ಕೂ ಒಂದೇ ಹೆಸರು: ‘ಕಾರ್ತೋಲಾ’. ಬ್ರೆಜಿಲ್‌ನ ಸಂಗೀತದ ಶ್ರೇಷ್ಠ ರೆಕಾರ್ಡುಗಳ ಪಟ್ಟಿ ಮಾಡುವವರು ಇವತ್ತಿಗೂ ಇವೆರಡನ್ನು ಬಿಡುವುದಿಲ್ಲ.

ಹೊದಿಕೆಯ ಮೇಲೆ ಇರುವುದು ಒಬ್ಬರ ಹೆಸರು. ಆದರೆ ಆ ರೆಕಾರ್ಡುಗಳ ಒಳಗೆ ಎಷ್ಟು ಜನರ ಕೈ ಇದೆ ಅಂತ ಲೆಕ್ಕ ಹಾಕಲು ಕೂತರೆ ಅರ್ಧ ಶತಮಾನದ ಸಾಂಬಾ ಇತಿಹಾಸವೇ ಕಣ್ಣಿಗೆ ಬರುತ್ತದೆ.

ಮಾವಿನ ಮರದ ಗುಡ್ಡ

ಕಾರ್ತೋಲಾ ಹುಟ್ಟಿದ್ದು 1908ರ ಅಕ್ಟೋಬರ್ 11ರಂದು, ರಿಯೊ ನಗರದಲ್ಲೇ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡಿದ್ದು 1888ರಲ್ಲಿ. ಅಂದರೆ ಅವರು ಹುಟ್ಟುವ ಬರೀ ಇಪ್ಪತ್ತು ವರ್ಷದ ಹಿಂದೆ. ಬಿಡುಗಡೆಯಾದ ಕಪ್ಪು ಜನರಿಗೆ ಯಾರೂ ಭೂಮಿ ಕೊಡಲಿಲ್ಲ. ಕೂಲಿ ಹುಡುಕಿಕೊಂಡು ನಗರಕ್ಕೆ ಬಂದವರು ಗುಡ್ಡಗಳ ಮೇಲೆ ಗುಡಿಸಲು ಹಾಕಿಕೊಂಡರು. ಸಾಂಬಾ ಬೆಳೆದದ್ದು ಇಂಥ ಕೇರಿಗಳಲ್ಲಿ. ಆಫ್ರಿಕಾದಿಂದ ಬಂದ ತಾಳ, ಬಾಹಿಯಾ ಪ್ರಾಂತ್ಯದಿಂದ ವಲಸೆ ಬಂದ ಹೆಂಗಸರ ಮನೆಯಂಗಳದ ಕುಣಿತ, ಪೋರ್ಚುಗೀಸ್ ಭಾಷೆಯ ಮಾತು ಎಲ್ಲ ಸೇರಿ ಆದ ಹಾಡು ಅದು. ಮೊದಮೊದಲು ಪೊಲೀಸರು ಸಾಂಬಾ ಹಾಡುವವರನ್ನು ಪುಂಡರಂತೆ ಕಂಡು ಓಡಿಸುತ್ತಿದ್ದರು.

ಹುಡುಗನಿಗೆ ಹನ್ನೊಂದು ವರ್ಷವಾದಾಗ ಅವನ ಕುಟುಂಬ ಕೈ ಬರಿದಾಗಿ ಮಂಗೇರಾ ಗುಡ್ಡಕ್ಕೆ ಬಂತು. ಪೋರ್ಚುಗೀಸ್ ಭಾಷೆಯಲ್ಲಿ ‘ಮಂಗೇರಾ’ ಅಂದರೆ ಮಾವಿನ ಮರ. ಈ ಪದ ಕೇಳಿದರೆ ನಮಗೆ ಪರಿಚಯದ ಸದ್ದು ಕೇಳಿದಂತಾಗುತ್ತದೆ, ಅದಕ್ಕೆ ಕಾರಣವೂ ಇದೆ. ಮಾವನ್ನು ಆ ದೇಶಕ್ಕೆ ಒಯ್ದವರು ಪೋರ್ಚುಗೀಸರು. ಹಣ್ಣಿಗೆ ಅವರು ಕರೆಯುವ ‘ಮಂಗಾ’ ಎಂಬ ಹೆಸರೂ ನಮ್ಮ ಪಶ್ಚಿಮ ಕರಾವಳಿಯಲ್ಲಿ, ಮಲಯಾಳಂ ಮಾತಿನಿಂದ ಕಲಿತದ್ದು.

ಹದಿನೈದರ ಹೊತ್ತಿಗೆ ಹುಡುಗ ಶಾಲೆ ಬಿಟ್ಟ. ತಾಯಿ ತೀರಿಕೊಂಡ ಮೇಲೆ ಅಪ್ಪನಿಗೂ ಮಗನಿಗೂ ಆಗಿಬರಲಿಲ್ಲ. ಮನೆಯಿಂದ ಹೊರಬಿದ್ದು ಅಲ್ಲಿ ಇಲ್ಲಿ ಮಲಗಿ, ಕಾಯಿಲೆ ಬಿದ್ದವನನ್ನು ಎತ್ತಿ ಆರೈಕೆ ಮಾಡಿದ್ದು ದಿಯೋಲಿಂದಾ ಎಂಬ ನೆರೆಮನೆಯ ಹೆಂಗಸು. ವಯಸ್ಸಿನಲ್ಲಿ ಅವನಿಗಿಂತ ದೊಡ್ಡವಳು. ಮುಂದೆ ಇಬ್ಬರೂ ಒಟ್ಟಿಗೆ ಬಾಳಿದರು.

ಹೊಟ್ಟೆಪಾಡಿಗೆ ಗಾರೆ ಕೆಲಸ. ತಲೆಗೂದಲ ಮೇಲೆ ಸಿಮೆಂಟು ಬೀಳದಿರಲಿ ಅಂತ ಹುಡುಗ ಒಂದು ಗುಂಡು ಟೋಪಿ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಜೊತೆಯ ಕೂಲಿಗಳು ನಕ್ಕು ‘ಕಾರ್ತೋಲಾ’ ಅಂತ ಹೆಸರಿಟ್ಟರು. ದೊಡ್ಡ ಮನುಷ್ಯರು ಹಾಕುವ ಎತ್ತರದ ಟೋಪಿಗೆ ಆ ದೇಶದಲ್ಲಿ ಹಾಗನ್ನುತ್ತಾರೆ. ಲೇವಡಿಗೆ ಇಟ್ಟ ಆ ಹೆಸರೇ ಮುಂದೆ ರೆಕಾರ್ಡಿನ ಮೇಲೆ ಬಂತು.

ನಿಜವಾದ ಹೆಸರಿನ ಕಥೆಯೂ ಸ್ವಾರಸ್ಯದ್ದೇ. ತನ್ನ ಹೆಸರು ಅಜೆನೋರ್ ಅಂತಲೇ ಅವರು ತಿಳಿದಿದ್ದರು. ಐವತ್ತು ದಾಟಿದ ಮೇಲೆ ಮದುವೆ ನೋಂದಣಿಗೆ ಕಾಗದಪತ್ರ ತೆಗೆಸಿದಾಗ ನೋಡಿದರೆ, ಜನನ ದಾಖಲೆ ಬರೆದವರು ‘ಅಂಜೆನೋರ್’ ಅಂತ ಬರೆದಿದ್ದರು. ತಿದ್ದಿಸುವ ಗೋಜಿಗೆ ಹೋಗದೆ ಅದನ್ನೇ ಒಪ್ಪಿಕೊಂಡರು. ಹೀಗಾಗಿ ದಾಖಲೆಯಲ್ಲಿ ಅವರು ಅಂಜೆನೋರ್ ಡಿ ಓಲಿವೇರಾ.

1928ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಗೆಳೆಯರ ಜೊತೆ ಸೇರಿ ಅವರು ಮಂಗೇರಾ ಸಾಂಬಾ ಶಾಲೆ ಕಟ್ಟಿದರು. ಸಾಂಬಾ ಶಾಲೆ ಅಂದರೆ ಪಾಠದ ಶಾಲೆ ಅಲ್ಲ. ಒಂದು ಕೇರಿಯ ಜನ ಕೂಡಿ ಹಾಡು, ವಾದ್ಯ, ಕುಣಿತ, ಉಡುಪು ಎಲ್ಲ ಸಜ್ಜು ಮಾಡಿಕೊಂಡು ಕಾರ್ನಿವಲ್ ಹಬ್ಬದ ಮೆರವಣಿಗೆಗೆ ಇಳಿಯುವ ಮೇಳ ಅದು. ಮೇಳಕ್ಕೆ ಹಸಿರು ಮತ್ತು ಗುಲಾಬಿ ಬಣ್ಣ ಆರಿಸಿದ್ದು ಕಾರ್ತೋಲಾ. ತಾನು ಚಿಕ್ಕವನಿದ್ದಾಗ ಕಂಡಿದ್ದ ಹಬ್ಬದ ಮೇಳವೊಂದರ ಬಣ್ಣಗಳವು. 1932ರಲ್ಲಿ ಒಂದು ಕ್ರೀಡಾ ಪತ್ರಿಕೆ ಮೊದಲ ಸಲ ಸಾಂಬಾ ಶಾಲೆಗಳ ಸ್ಪರ್ಧೆ ಇಟ್ಟಾಗ ಗೆದ್ದದ್ದು ಮಂಗೇರಾ.

ಹಾಡಿಗೆ ಬೆಲೆ ಕಟ್ಟಿದ ಕಾಲ

ಆ ಹೊತ್ತಿಗೆ ರಿಯೊದಲ್ಲಿ ಗ್ರಾಮಫೋನ್ ಕಂಪನಿಗಳು ಬೇರೂರಿದ್ದವು. ರೇಡಿಯೊ ಬಂದಿತ್ತು. ಗಾಯಕರಿಗೆ ದಿನಕ್ಕೊಂದು ಹೊಸ ಹಾಡು ಬೇಕಿತ್ತು. ಹಾಡುಗಳಿದ್ದದ್ದು ಗುಡ್ಡದ ಮೇಲೆ. ಮೈಕು, ಹಣ, ಹೆಸರು ಇದ್ದದ್ದು ಗುಡ್ಡದ ಕೆಳಗೆ.

ಮಾರಿಯೊ ರೇಸ್ ಎಂಬ ಪ್ರಸಿದ್ಧ ಗಾಯಕರು ಸಾಂಬಾ ಕೊಳ್ಳಲು ಬಂದಿದ್ದಾರೆ ಅಂತ ಒಬ್ಬರು ಸುದ್ದಿ ತಂದಾಗ ಕಾರ್ತೋಲಾಗೆ ಅರ್ಥವೇ ಆಗಲಿಲ್ಲವಂತೆ. ಹಾಡನ್ನೂ ಮಾರುತ್ತಾರೆಯೇ? ಇವನಿಗೇನು ತಲೆ ಕೆಟ್ಟಿದೆಯೇ? ಮುಂದೆ ಅವರೇ ಇದನ್ನು ಹೇಳಿಕೊಂಡು ನಗುತ್ತಿದ್ದರು. ಐವತ್ತು ಕೇಳಬೇಕು ಅಂದುಕೊಂಡಿದ್ದವರಿಗೆ ಕೊನೆಗೆ ಮುನ್ನೂರು ಮಿಲ್‌ರೇಸ್ ಸಿಕ್ಕಿತು. ಮಿಲ್‌ರೇಸ್ ಆಗಿನ ನಾಣ್ಯ. ಕೊಂಡವರು ರೇಸ್, ಆದರೆ ಆ ಹಾಡನ್ನು ರೆಕಾರ್ಡು ಮಾಡಿದವರು ಆಗಿನ ಕಾಲದ ಅತಿ ದೊಡ್ಡ ಗಾಯಕ ಫ್ರಾನ್ಸಿಸ್ಕೊ ಆಲ್ವೆಸ್.

ಹಾಡಿನ ಮೇಲಿನ ತನ್ನ ಹೆಸರನ್ನು ಮಾತ್ರ ಕೊಡಲಿಲ್ಲ ಅಂತ ಕಾರ್ತೋಲಾ ಹೇಳುತ್ತಿದ್ದರು. ಎಲ್ಲರಿಗೂ ಆ ಗಟ್ಟಿತನ ಸಾಧ್ಯವಿರಲಿಲ್ಲ. ಎಸ್ಟಾಸಿಯೊ ಕೇರಿಯ ಇಸ್ಮಾಯೆಲ್ ಸಿಲ್ವಾ ಎಂಬ ದೊಡ್ಡ ಸಾಂಬಾ ಕವಿ ಇದೇ ಆಲ್ವೆಸ್ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಹಾಡು ಕಟ್ಟುವುದು ಸಿಲ್ವಾ ಮತ್ತು ಅವರ ಗೆಳೆಯ, ಅದನ್ನು ಹಾಡುವ ಆಲ್ವೆಸ್ ಹೆಸರೂ ರಚನೆಕಾರರ ಸಾಲಿನಲ್ಲಿ ಸೇರುವುದು. ಆ ಕಾಲದಲ್ಲಿ ಇಂಥ ‘ಪಾಲುದಾರಿಕೆ’ ಮಾಮೂಲಿ. ಆಲ್ವೆಸ್ ಹಾಡದಿದ್ದರೆ ಆ ಹಾಡುಗಳು ಗುಡ್ಡ ಇಳಿಯುತ್ತಲೇ ಇರಲಿಲ್ಲ ಅನ್ನುವುದೂ ನಿಜ. ಹಾಡಿದ್ದಕ್ಕೆ ಹಾಡು ಕಟ್ಟಿದವನ ಪಾಲಿಗೂ ಕೈ ಹಾಕಿದರು ಅನ್ನುವುದೂ ನಿಜ.

ಎಲ್ಲ ಪಾಲುದಾರಿಕೆಯೂ ಹೀಗಿರಲಿಲ್ಲ. ಬಿಳಿಯ ಮಧ್ಯಮ ವರ್ಗದ ಮನೆಯಿಂದ ಬಂದು, ವೈದ್ಯಕೀಯ ಓದು ಅರ್ಧಕ್ಕೆ ಬಿಟ್ಟಿದ್ದ ನೊಯೆಲ್ ರೋಸಾ ಎಂಬ ಕವಿ ಗುಡ್ಡ ಹತ್ತಿ ಕಾರ್ತೋಲಾ ಮನೆಗೆ ಬರುತ್ತಿದ್ದರು. ಕುಡಿದು ಬಂದವರಿಗೆ ಸ್ನಾನಕ್ಕೆ ನೀರು ಕೊಟ್ಟು, ಊಟ ಹಾಕುತ್ತಿದ್ದವಳು ದಿಯೋಲಿಂದಾ. ಇಬ್ಬರೂ ಕೂತು ಹಾಡು ಕಟ್ಟುತ್ತಿದ್ದರು. ನೊಯೆಲ್ 1937ರಲ್ಲಿ ಕ್ಷಯ ರೋಗದಿಂದ ತೀರಿಕೊಂಡರು, ಆಗ ಅವರಿಗೆ ಇಪ್ಪತ್ತಾರು ವರ್ಷ.

ಹಡಗಿನಲ್ಲಿ ಸಿಕ್ಕ ದನಿ

ಕಾರ್ತೋಲಾರ ಸ್ವಂತ ದನಿ ಮೊದಲ ಬಾರಿ ರೆಕಾರ್ಡು ಆಗಿದ್ದು 1940ರಲ್ಲಿ, ಅದೂ ಒಂದು ಹಡಗಿನ ಮೇಲೆ. ಅಮೆರಿಕದ ಹೆಸರಾಂತ ವಾದ್ಯವೃಂದ ನಿರ್ದೇಶಕ ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ದಕ್ಷಿಣ ಅಮೆರಿಕ ಪ್ರವಾಸಕ್ಕೆ ಬಂದಿದ್ದರು. ಇಲ್ಲಿನ ಜನರ ಸಂಗೀತ ಕೇಳಬೇಕು ಅಂದಾಗ ಬ್ರೆಜಿಲ್‌ನ ಮಹಾ ಸಂಗೀತಗಾರ ವಿಲ್ಲಾ-ಲೋಬೊಸ್ ಗುಡ್ಡಗಳ ಮತ್ತು ಕೇರಿಗಳ ಕಲಾವಿದರನ್ನು ಕೂಡಿಸಿದರು. ಬಂದರಿನಲ್ಲಿ ನಿಂತಿದ್ದ ‘ಉರುಗ್ವೇ’ ಹಡಗಿನಲ್ಲೇ ರೆಕಾರ್ಡಿಂಗ್ ನಡೆಯಿತು. ಕಾರ್ತೋಲಾ ತಾನೂ ಗೆಳೆಯ ಕಾರ್ಲೋಸ್ ಕಶಾಸಾನೂ ಸೇರಿ ಕಟ್ಟಿದ ಒಂದು ಹಾಡು ಹಾಡಿದರು.

ಅಮೆರಿಕದ ಕೊಲಂಬಿಯಾ ಕಂಪನಿ 1942ರಲ್ಲಿ ಆ ಹಾಡುಗಳನ್ನು ಹೊರತಂದಿತು, ತನ್ನ ದೇಶದಲ್ಲಿ. ಬ್ರೆಜಿಲ್‌ನಲ್ಲಿ ಅವು ರೆಕಾರ್ಡಾಗಿ ಬಂದಿದ್ದು 1987ರಲ್ಲಿ. ಅಷ್ಟರಲ್ಲಿ ಕಾರ್ತೋಲಾ ತೀರಿಹೋಗಿ ಏಳು ವರ್ಷವಾಗಿತ್ತು.

1940ರ ದಶಕ ಮುಗಿಯುವ ಹೊತ್ತಿಗೆ ಬದುಕು ಎಲ್ಲ ಕಡೆಯಿಂದ ಕುಸಿಯಿತು. ಮಿದುಳು ಜ್ವರ ಬಂದು ಸಾವಿನ ಬಾಗಿಲಿಗೆ ಹೋಗಿ ಬಂದರು. ದಿಯೋಲಿಂದಾ ತೀರಿಕೊಂಡರು. ತಾನೇ ಕಟ್ಟಿದ ಸಾಂಬಾ ಶಾಲೆಯಲ್ಲಿ ಹೊಸಬರು ಬಂದಿದ್ದರು. ಕಾರ್ತೋಲಾ ಗುಡ್ಡ ಬಿಟ್ಟು ಹೋದರು. ಆಮೇಲೆ ಪೋರ್ತೊ ಕಣ್ಣಿಗೆ ಬಿದ್ದದ್ದು ಇಪನೇಮಾದಲ್ಲಿ, ಕಾರು ತೊಳೆಯುವಾಗ.

ಅಡುಗೆ ಮನೆಯಿಂದ ಎದ್ದ ಸಾಂಬಾ

ಪತ್ರಕರ್ತ ಪೋರ್ತೊ ಸುದ್ದಿ ಬರೆದು ಸುಮ್ಮನಾಗಲಿಲ್ಲ. ರೇಡಿಯೊದಲ್ಲಿ ಹಾಡಿಸಿದರು, ಕೆಲಸ ಹುಡುಕಿದರು, ಪರಿಚಯದವರಿಗೆಲ್ಲ ಹೇಳಿದರು. ಆ ಹೊತ್ತಿಗೆ ಕಾರ್ತೋಲಾರ ಬಾಳಿಗೆ ಇನ್ನೊಬ್ಬರು ಬಂದಿದ್ದರು. ಅವರು ಝೀಕಾ, ಮಂಗೇರಾ ಗುಡ್ಡದವರೇ, ಕೈರುಚಿಗೆ ಹೆಸರಾದವರು. ಕಾರ್ತೋಲಾರನ್ನು ಹುಡುಕಿ ಮರಳಿ ಗುಡ್ಡಕ್ಕೆ ಕರೆತಂದವರೂ ಅವರೇ.

1963ರಲ್ಲಿ ಗಂಡ ಹೆಂಡತಿ ನಗರದ ನಡುವೆ, ಕರಿಯೋಕಾ ಬೀದಿಯಲ್ಲಿ ಒಂದು ಖಾನಾವಳಿ ತೆರೆದರು. ಇಬ್ಬರ ಹೆಸರೂ ಸೇರಿಸಿ ‘ಝಿಕಾರ್ತೋಲಾ’ ಅಂತ ಕರೆದರು. ಒಲೆಯ ಮುಂದೆ ಝೀಕಾ, ಹಾಡಿನ ಮುಂದೆ ಕಾರ್ತೋಲಾ. ಗುಡ್ಡದ ಹಳೆಯ ಹಾಡುಗಾರರು, ಕಾಲೇಜು ಹುಡುಗರು, ಪತ್ರಕರ್ತರು, ಸಿನಿಮಾದವರು ಒಂದೇ ಮೇಜಿಗೆ ಕೂತು ಉಂಡ ಜಾಗ ಅದು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ನಾಚಿಕೆ ಸ್ವಭಾವದ ಹುಡುಗ ಅಲ್ಲಿ ಗಿಟಾರು ಹಿಡಿದು ಕೂರುತ್ತಿದ್ದ. ಸಂಗೀತಕ್ಕಾಗಿ ಅವನ ಕೈಗೆ ಮೊದಲ ಹಣ ಇಟ್ಟವರು ಕಾರ್ತೋಲಾ. ಆ ಹುಡುಗನೇ ಮುಂದೆ ಪೌಲಿನ್ಯೊ ದ ವಿಯೋಲಾ ಅಂತ ದೇಶಕ್ಕೆಲ್ಲ ಪರಿಚಯವಾದ.

ಎರಡು ವರ್ಷದೊಳಗೆ ಖಾನಾವಳಿ ಮುಚ್ಚಿತು. ವ್ಯಾಪಾರ ಇಬ್ಬರಿಗೂ ಒಗ್ಗಲಿಲ್ಲ. ಕಾರ್ತೋಲಾ ಸರ್ಕಾರಿ ಕಚೇರಿಯೊಂದರಲ್ಲಿ ಜವಾನರಾಗಿ ಕಾಫಿ ಹಂಚುವ ಕೆಲಸಕ್ಕೆ ಹೋದರು. ಆದರೆ ಅಲ್ಲಿ ಕೂಡಿದ ಗೆಳೆತನ ಚದುರಲಿಲ್ಲ. ರೆಕಾರ್ಡು ಬರುವ ಮೊದಲೇ ರೆಕಾರ್ಡಿಗೆ ಬೇಕಾದ ಜನ ಅಲ್ಲಿ ಸೇರಿಬಿಟ್ಟಿದ್ದರು.

1974: ಮೊದಲ ರೆಕಾರ್ಡು

ಸಾವ್ ಪೌಲೊ ನಗರದಲ್ಲಿ ಮಾರ್ಕುಸ್ ಪೆರೇರಾ ಎಂಬ ಜಾಹೀರಾತು ಕಂಪನಿಯ ಒಡೆಯರಿದ್ದರು. ತಮ್ಮ ಗಿರಾಕಿಗಳಿಗೆ ವರ್ಷದ ಕಾಣಿಕೆಯಾಗಿ ರೆಕಾರ್ಡು ಮಾಡಿಸಿ ಹಂಚುತ್ತಿದ್ದರು. ಅದೇ ಹುಚ್ಚು ಬೆಳೆದು ಜಾಹೀರಾತು ಬಿಟ್ಟು ರೆಕಾರ್ಡು ಕಂಪನಿ ಕಟ್ಟಿದರು. ದೇಶದ ಮೂಲೆಮೂಲೆಯ ಜನಪದ ಸಂಗೀತವನ್ನು ಪ್ರಾಂತ್ಯವಾರು ಸಂಗ್ರಹಿಸಿ ಹದಿನಾರು ಎಲ್‌ಪಿಗಳ ಮಾಲೆ ತಂದವರು ಅವರು. ಅವರ ಕಂಪನಿಯಲ್ಲಿ ‘ಪೆಲಾಂವ್’ ಅಂತ ಎಲ್ಲರೂ ಕರೆಯುವ ನಿರ್ಮಾಪಕರೊಬ್ಬರು, ಕಾರ್ತೋಲಾ ದನಿಯಲ್ಲೇ ಕಾರ್ತೋಲಾ ಹಾಡು ಬರಬೇಕು ಅಂತ ಹಟ ಹಿಡಿದರು. ಅಲ್ಲಿಯವರೆಗೆ ದೊಡ್ಡ ಕಂಪನಿಗಳು ಆ ಹಾಡುಗಳನ್ನು ಬೇರೆ ಗಾಯಕರಿಂದ ಹಾಡಿಸಿದ್ದವು. ಮುದುಕರ ದನಿಗೆ ಮಾರುಕಟ್ಟೆ ಇದೆ ಅಂತ ಯಾರಿಗೂ ಅನಿಸಿರಲಿಲ್ಲ.

ಹನ್ನೆರಡು ಹಾಡು. ಪ್ರತಿ ಹಾಡಿನ ಕೆಳಗೆ ಕಟ್ಟಿದವರ ಹೆಸರು. ಒಂದರಲ್ಲಿ ಕಾರ್ತೋಲಾ ಮತ್ತು ಎಲ್ಟನ್ ಮೆದೇರೋಸ್. ‘ಈಗಲೇ, ನನ್ನ ಕಣ್ಣ ಮುಂದೆ ಒಂದು ಸಾಂಬಾ ಕಟ್ಟಿ ನೋಡೋಣ’ ಅಂತ ಮನೆಗೆ ಬಂದ ಗೆಳೆಯನೊಬ್ಬ ಸವಾಲು ಹಾಕಿದ್ದಕ್ಕೆ ಇಬ್ಬರೂ ಅಲ್ಲೇ ಕೂತು ಮುಗಿಸಿದ ಹಾಡು ಅದು. ‘ಸೂರ್ಯ ಹುಟ್ಟುವನು’ ಅಂತ ಅದರ ಹೆಸರಿನ ಅರ್ಥ. ಇನ್ನೊಂದರಲ್ಲಿ ಕಾರ್ತೋಲಾ, ಕಾರ್ಲೋಸ್ ಕಶಾಸಾ ಮತ್ತು ಕವಿ ಎರ್ಮೀನಿಯೊ ಬೆಲ್ಲೊ ಡಿ ಕರ್ವಾಲ್ಯೊ, ಮೂವರು. ಅದು ಗುಡ್ಡದ ಮೇಲಿನ ಮುಂಜಾವಿನ ಹಾಡು.

ಕಶಾಸಾ ಅಂದರೆ ಕಬ್ಬಿನ ಹೆಂಡ. ಅದೇ ಅಡ್ಡಹೆಸರಿನಿಂದ ಹೆಸರಾದ ಕಾರ್ಲೋಸ್ ರೈಲ್ವೆ ಕೆಲಸಗಾರ, ಕಾರ್ತೋಲಾಗಿಂತ ಆರು ವರ್ಷ ದೊಡ್ಡವರು, ಮಂಗೇರಾ ಶಾಲೆಯ ಹಳಬರು. ಹಡಗಿನಲ್ಲಿ ಹಾಡಿದ್ದ ಆ ಇಬ್ಬರ ಹಾಡೂ ಈ ರೆಕಾರ್ಡಿನಲ್ಲಿ ಮತ್ತೆ ಬಂತು. ಮೂವತ್ನಾಲ್ಕು ವರ್ಷ ಕಾದು ಅದು ತನ್ನ ದೇಶದ ಜನರ ಕೈಗೆ, ತನ್ನ ಒಡೆಯನ ದನಿಯಲ್ಲೇ ಸಿಕ್ಕಿತು.

1976: ನಾಲ್ಕು ಮೇಳಗಳು ಕೂಡಿದ ಪಡಸಾಲೆ

ಎರಡು ವರ್ಷದ ನಂತರದ ರೆಕಾರ್ಡು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇದರ ನಿರ್ಮಾಪಕರು ಜುವಾರೆಸ್ ಬರೋಸೊ ಎಂಬ ಪತ್ರಕರ್ತ ಮತ್ತು ಕಥೆಗಾರ.

ಸಾಂಬಾ ಶಾಲೆಗಳ ಪೈಪೋಟಿ ಬಹಳ ಗಟ್ಟಿ. ಕಾರ್ನಿವಲ್ ದಿನ ತೀರ್ಪುಗಾರರು ಕೊಡುವ ಒಂದೊಂದು ಅಂಕಕ್ಕೂ ಜಗಳ. ಮಂಗೇರಾದವರು ಹಸಿರು ಗುಲಾಬಿ, ಪೋರ್ತೆಲಾದವರು ನೀಲಿ ಬಿಳಿ. ಆದರೆ ಮಂಗೇರಾ ಕಟ್ಟಿದ ಕಾರ್ತೋಲಾ ತಮ್ಮ ರೆಕಾರ್ಡಿನಲ್ಲಿ ಯಾರ ಯಾರ ಹಾಡು ಇಟ್ಟುಕೊಂಡರು ನೋಡಿ.

ಪೋರ್ತೆಲಾದ ಕಾಂದೇಯಾ ಕಟ್ಟಿದ ಹಾಡು ಒಂದು. ಕಾಂದೇಯಾ ಪೊಲೀಸ್ ಅಧಿಕಾರಿಯಾಗಿದ್ದವರು. 1965ರಲ್ಲಿ ರಸ್ತೆ ಜಗಳವೊಂದರಲ್ಲಿ ಗುಂಡೇಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಮುಂದೆ ಸಾಯುವವರೆಗೂ ಗಾಲಿಕುರ್ಚಿ. ಅವರ ಹಾಡಿನ ಹೆಸರು ‘ನನ್ನನ್ನು ನಾನು ಕಂಡುಕೊಳ್ಳಬೇಕು’. ತನ್ನನ್ನು ಹೋಗಗೊಡಿ, ಊರೂರು ತಿರುಗಬೇಕು ಅಂತ ಕೇಳಿಕೊಳ್ಳುವ ಹಾಡದು. ಕುರ್ಚಿಯಿಂದ ಏಳಲಾಗದವನ ಹಾಡನ್ನು ಎದುರು ಮೇಳದ ಹಿರಿಯ, ಅರವತ್ತೇಳರ ವಯಸ್ಸಿನಲ್ಲಿ, ಯಾವ ಅಳುವೂ ಇಲ್ಲದ ಸಮ ದನಿಯಲ್ಲಿ ಹಾಡುತ್ತಾರೆ.

ಇಂಪೇರಿಯೊ ಸೆರಾನೊ ಶಾಲೆಯ ಸೀಲಾಸ್ ಡಿ ಓಲಿವೇರಾ ಅವರದು ಇನ್ನೊಂದು. ಮೆರವಣಿಗೆಯ ಹಾಡು ಕಟ್ಟುವುದರಲ್ಲಿ ಅವರನ್ನು ಮೀರಿಸಿದವರಿಲ್ಲ ಅನ್ನುತ್ತಾರೆ. ಈ ರೆಕಾರ್ಡು ಬರುವ ನಾಲ್ಕು ವರ್ಷ ಮೊದಲೇ ಅವರು ತೀರಿಕೊಂಡಿದ್ದರು.

ಎಸ್ಟಾಸಿಯೊ ಕೇರಿಯ ಬೀದೆ ಅವರ ಜೊತೆ ಕಾರ್ತೋಲಾ ಹಳೆಯ ಕಾಲದಲ್ಲಿ ಕಟ್ಟಿದ ಹಾಡು ಮತ್ತೊಂದು. ಸಾಂಬಾ ಮೇಳಕ್ಕೆ ಎದೆಬಡಿತದಂತಿರುವ ‘ಸುರ್ದೊ’ ಎಂಬ ದೊಡ್ಡ ಚರ್ಮವಾದ್ಯವನ್ನು, ತಗಡಿನ ಡಬ್ಬಿಯಿಂದ ಮೊದಲು ಮಾಡಿಕೊಂಡವರು ಬೀದೆ ಅಂತ ಸಾಂಬಾ ಜನ ನೆನೆಯುತ್ತಾರೆ. ಅವರೂ ಹಿಂದಿನ ವರ್ಷವಷ್ಟೇ ತೀರಿಹೋಗಿದ್ದರು.

ಹೀಗೆ ನಾಲ್ಕು ಕೇರಿಗಳ ಸಾಂಬಾ ಒಂದು ರೆಕಾರ್ಡಿನಲ್ಲಿ ಕೂಡಿತು. ಮೂರನೇ ಹಾಡಿನ ಹೆಸರೇ ಇದಕ್ಕೆ ತಕ್ಕಂತಿದೆ. ಬಂದವರನ್ನು ಕೂರಿಸುವ ಕೋಣೆ, ಅಂದರೆ ನಮ್ಮ ಮಾತಿನಲ್ಲಿ ಪಡಸಾಲೆ. ಬಡತನದ ಮಂಗೇರಾ ಗುಡ್ಡವನ್ನೇ, ಎದುರಾಳಿ ಬಂದರೂ ಬರಮಾಡಿಕೊಳ್ಳುವ ಪಡಸಾಲೆಯಾಗಿ ಕಾಣುವ ಹಾಡು. ಇದರಲ್ಲಿ ಕಾರ್ತೋಲಾ ಜೊತೆ ಕೇಳುವ ಹೆಣ್ಣು ದನಿ ಕ್ರೆವುಜಾ ಅವರದು. ಕಾರ್ತೋಲಾ ಮತ್ತು ದಿಯೋಲಿಂದಾ ಸಾಕಿ ಬೆಳೆಸಿದ ಮಗಳು. ಬಟ್ಟೆ ಒಗೆಯುವ ಹೆಂಗಸಿನ ಹಾಡೊಂದರಲ್ಲೂ ಅವರ ದನಿ ಇದೆ.

ತಂತಿ ಹಿಡಿದ ಕೈಗಳು

ಇನ್ನು ವಾದ್ಯದವರ ವಿಷಯ. ಕಾರ್ತೋಲಾರ ದನಿ ದೊಡ್ಡದಲ್ಲ. ಎತ್ತರಕ್ಕೆ ಹಾರುವ ದನಿಯೂ ಅಲ್ಲ. ಸ್ವಲ್ಪ ಒಣಗಿದ, ಮಾತಾಡಿದಂತೆ ಹಾಡುವ ದನಿ. ಆ ದನಿಯನ್ನು ಮುಚ್ಚಿಹಾಕದೆ ಹಿಂದೆ ನಿಲ್ಲುವುದು ದೊಡ್ಡ ವಿದ್ಯೆ. ಎರಡು ರೆಕಾರ್ಡಿನಲ್ಲೂ ಆ ಕೆಲಸ ಹೊತ್ತವರು ಡೀನೊ.

ಡೀನೊ ಬಾರಿಸುತ್ತಿದ್ದದ್ದು ಏಳು ತಂತಿಯ ಗಿಟಾರು. ಮಾಮೂಲಿ ಗಿಟಾರಿಗೆ ಆರು ತಂತಿ. ಏಳನೆಯದು ತಗ್ಗಿನ ಸ್ವರಕ್ಕೆ. ಹಾಡುಗಾರ ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಆ ತಗ್ಗಿನ ತಂತಿ ನಡೆದು ಬರುತ್ತದೆ, ಹಾಡು ಮತ್ತೆ ಶುರುವಾದಾಗ ಸರಿದು ನಿಲ್ಲುತ್ತದೆ. ಮಾತಿಗೆ ಹೂಂಗುಟ್ಟಿದ ಹಾಗೆ. ಸಾಂಬಾದಲ್ಲಿ ಏಳು ತಂತಿಯ ಗಿಟಾರು ಹೀಗೆ ಮಾತಾಡಬಹುದು ಅಂತ ತೋರಿಸಿದವರು ಡೀನೊ. ಅವರ ನಂತರ ಬಂದವರೆಲ್ಲ ಅವರ ದಾರಿಯಲ್ಲೇ ನಡೆದರು.

ಅವರ ಪಕ್ಕದಲ್ಲಿ ಇನ್ನೊಂದು ಗಿಟಾರು ಹಿಡಿದವರು ಮೇರಾ. ಪುಟ್ಟ ನಾಲ್ಕು ತಂತಿಯ ಕವಾಕಿನ್ಯೊ ಹಿಡಿದವರು ಕನ್ಯೋತೊ. ಕನ್ಯೋತೊ ಅಂದರೆ ಎಡಗೈಯವನು ಅಂತ. ಈ ಮೂವರೂ 1930ರ ದಶಕದಿಂದ ಒಂದೇ ತಂಡದಲ್ಲಿ ಬಾರಿಸಿಕೊಂಡು ಬಂದವರು. ರೇಡಿಯೊ ಕಾಲದಲ್ಲಿ ಯಾವ ಗಾಯಕ ಬಂದರೂ ಹಿಂದೆ ಇವರಿರುತ್ತಿದ್ದರು. ನಲವತ್ತು ವರ್ಷ ಜೊತೆಗೆ ಗೇಯ್ದ ಎತ್ತುಗಳಿಗೆ ಬಾರುಕೋಲು ಬೇಕಿಲ್ಲವಲ್ಲ, ಹಾಗೆ ಕೇಳುತ್ತದೆ ಇವರ ಜೊತೆಗಾರಿಕೆ. 1976ರ ರೆಕಾರ್ಡಿನಲ್ಲಿ ಕೊಳಲು ಊದಿದವರು ಅಲ್ತಮೀರೊ ಕರೀಲ್ಯೊ, ಅವರೂ ಇದೇ ಬಳಗದವರು.

ಹಳಬರ ನಡುವೆ ಹೊಸಬರಿಗೂ ಜಾಗವಿತ್ತು. ರೆಕಾರ್ಡಿನ ಮೊದಲ ಹಾಡು, ‘ಲೋಕವೊಂದು ಗಿರಣಿ’ ಅನ್ನುವ ಅರ್ಥದ ಹೆಸರಿನದು. ಮನೆ ಬಿಟ್ಟು ಹೊರಟ ಎಳೆಯ ಹುಡುಗಿಗೆ ಹಿರಿಯನೊಬ್ಬ ಹೇಳುವ ಎಚ್ಚರದ ಮಾತು. ಅದರಲ್ಲಿ ಗಿಟಾರು ನುಡಿಸಿದವರು ಇಪ್ಪತ್ತರ ಪ್ರಾಯದ ಗಿಂಗಾ. ಮುಂದೆ ಅವರು ಹಲ್ಲಿನ ಡಾಕ್ಟರಾಗಿ ಕೆಲಸ ಮಾಡುತ್ತಲೇ ದೇಶದ ದೊಡ್ಡ ಸಂಗೀತ ರಚನೆಕಾರರಾದರು.

ಕಾಂದೇಯಾ ಹಾಡಿನ ಶುರುವಿಗೆ ಬರುವುದು ಸಾಂಬಾ ಜನ ಕೇಳಿ ರೂಢಿಯಿಲ್ಲದ ಒಂದು ಸದ್ದು. ಅದು ಬಸೂನ್. ಉದ್ದನೆಯ, ತಗ್ಗು ದನಿಯ, ಮರದ ಊದುವ ವಾದ್ಯ. ಪಶ್ಚಿಮದ ಶಾಸ್ತ್ರೀಯ ವಾದ್ಯವೃಂದದಲ್ಲಿ ಇರುವಂಥದ್ದು. ಊದಿದವರು ವಿಲ್ಲಾ-ಲೋಬೊಸ್ ಹೆಸರಿನ ಶಾಸ್ತ್ರೀಯ ತಂಡದ ಐರ್ಟನ್ ಬಾರ್ಬೋಸಾ. ಗುಡ್ಡದ ಹಾಡಿಗೆ ಸಭಾಂಗಣದ ವಾದ್ಯ ಬಂದು ಕೂತರೂ ದೊಡ್ಡಸ್ತಿಕೆ ತೋರಿಸುವುದಿಲ್ಲ. ನಡೆದು ಸುಸ್ತಾದವನು ನಿಟ್ಟುಸಿರು ಬಿಟ್ಟಂತೆ ಕೇಳುತ್ತದೆ, ಅಷ್ಟೇ. 2002ರಲ್ಲಿ ಬಂದ ‘ಸಿಟಿ ಆಫ್ ಗಾಡ್’ ಸಿನಿಮಾ ನೋಡಿದವರಿಗೆ ಈ ಹಾಡು ನೆನಪಿರಬಹುದು. ರಿಯೊದ ಕೊಳೆಗೇರಿಯ ಆ ಕಥೆಯಲ್ಲಿ ಇದೇ ರೆಕಾರ್ಡಿಂಗ್ ಬರುತ್ತದೆ.

ಇದೇ ರೆಕಾರ್ಡಿನ ‘ಗುಲಾಬಿಗಳು ಮಾತಾಡುವುದಿಲ್ಲ’ ಎಂಬ ಹಾಡು ಮನೆಯಂಗಳದಲ್ಲಿ ಹುಟ್ಟಿದ್ದು. ಗಿಡದಲ್ಲಿ ಇಷ್ಟೊಂದು ಗುಲಾಬಿ ಯಾಕೆ ಬಿಟ್ಟಿದೆ ಅಂತ ಝೀಕಾ ಕೇಳಿದರಂತೆ. ನನಗೇನು ಗೊತ್ತು, ಗುಲಾಬಿ ಮಾತಾಡುತ್ತದೆಯೇ ಅಂದರಂತೆ ಗಂಡ. ಆ ಮಾತೇ ಹಾಡಾಯಿತು. ಬೆತ್ ಕರ್ವಾಲ್ಯೊ ಎಂಬ ಜನಪ್ರಿಯ ಗಾಯಕಿ ಅದೇ ವರ್ಷ ಅದನ್ನು ಹಾಡಿ ಮನೆಮನೆಗೆ ಮುಟ್ಟಿಸಿದರು. ಈ ಸಲ ಕಟ್ಟಿದವರು ಯಾರು ಅಂತ ಕೇಳುವವರಿಗೆಲ್ಲ ಗೊತ್ತಿತ್ತು.

ಕಿಟಕಿಯಲ್ಲಿ ಇಬ್ಬರು

1976ರ ರೆಕಾರ್ಡಿನ ಹೊದಿಕೆ ನೋಡಿ. ಮಂಗೇರಾದ ಮನೆಯ ಕಿಟಕಿ. ಅದರಲ್ಲಿ ಕಾರ್ತೋಲಾ ಮತ್ತು ಝೀಕಾ. ಸ್ಟುಡಿಯೊ ಬೆಳಕಿಲ್ಲ, ವೇಷವಿಲ್ಲ. ಸಂಜೆ ಬೀದಿ ನೋಡುತ್ತ ನಿಂತ ಯಾವುದೇ ಹಳ್ಳಿಯ ಗಂಡ ಹೆಂಡತಿಯಂತೆ ಇದ್ದಾರೆ. ಒಬ್ಬರ ಹೆಸರಿನ ರೆಕಾರ್ಡಿನ ಮೇಲೆ ಇಬ್ಬರ ಮುಖ.

ಆಮೇಲೆ ಕಾರ್ತೋಲಾಗೆ ಉಳಿದದ್ದು ನಾಲ್ಕೇ ವರ್ಷ. ದೊಡ್ಡ ಕಂಪನಿಯೊಂದು ಕರೆದು ಇನ್ನೂ ಎರಡು ರೆಕಾರ್ಡು ಮಾಡಿಸಿತು. ಊರೂರಿಗೆ ಹೋಗಿ, ವೇದಿಕೆ ಹತ್ತಿ, ತನ್ನ ಹಾಡನ್ನು ತಾನೇ ಹಾಡಿದರು. 1980ರ ನವೆಂಬರ್ 30ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಎಪ್ಪತ್ತೆರಡು ವರ್ಷ ವಯಸ್ಸು. ಝೀಕಾ 2003ರವರೆಗೆ ಇದ್ದರು.

ಕಾರ್ತೋಲಾರ ಬಾಳಿನಲ್ಲಿ ಎರಡು ಬಗೆಯ ಜೊತೆಗಾರಿಕೆ ಕಾಣುತ್ತದೆ. ಒಂದು, ಗುಡ್ಡ ಹತ್ತಿ ಬಂದು ಹಾಡಿಗೆ ಬೆಲೆ ಕೇಳಿದ್ದು. ಅದರಿಂದ ಹಾಡು ದೂರ ಹೋಯಿತು, ಹಾಡು ಕಟ್ಟಿದವರು ಕಾರು ತೊಳೆಯುವಲ್ಲಿಗೆ ಬಂದರು. ಇನ್ನೊಂದು, ಆ ಮನುಷ್ಯನ ಪಕ್ಕಕ್ಕೆ ಬಂದು ಕೂತದ್ದು. ಸುದ್ದಿ ಬರೆದ ಪತ್ರಕರ್ತ, ಅಡುಗೆ ಮಾಡಿದ ಹೆಂಡತಿ, ಹಟ ಹಿಡಿದ ನಿರ್ಮಾಪಕ, ಏಳನೇ ತಂತಿ ಮೀಟಿದ ಡೀನೊ, ತನ್ನ ಹಾಡು ಕೊಟ್ಟ ಎದುರು ಮೇಳದ ಕಾಂದೇಯಾ. ಮೊದಲ ಬಗೆಯಲ್ಲೂ ಕೆಟ್ಟವರೇ ಇದ್ದರು ಅಂತಲ್ಲ. ಆದರೆ ಹಾಡು ಕಟ್ಟಿದವನಿಗೆ ಕೊನೆಗೆ ಏನು ಉಳಿಯಿತು ಅನ್ನುವ ಪ್ರಶ್ನೆಗೆ ಎರಡರಲ್ಲೂ ಉತ್ತರ ಬೇರೆ.

ಎರಡೂ ರೆಕಾರ್ಡು ಇವತ್ತು ಮೊಬೈಲಿನಲ್ಲಿ ಸಿಗುತ್ತವೆ. ಒಂದೊಂದೂ ಅರ್ಧ ಗಂಟೆಯ ಆಸುಪಾಸು. ಭಾಷೆ ಗೊತ್ತಿಲ್ಲದಿದ್ದರೂ ಕೇಳಬಹುದು. ಒಂದೇ ತೊಂದರೆ. ಮೊಬೈಲ್ ಪರದೆಯ ಮೇಲೆ ಬರುವುದು ಬರೀ ‘ಕಾರ್ತೋಲಾ’ ಎಂಬ ಒಂದು ಹೆಸರು. ರಟ್ಟಿನ ಹೊದಿಕೆಯ ಹಿಂಬದಿಯಲ್ಲಿ ಇರುತ್ತಿದ್ದ ಉಳಿದ ಹೆಸರುಗಳು ಅಲ್ಲಿ ಸುಲಭಕ್ಕೆ ಕಾಣುವುದಿಲ್ಲ.

ಹಾಗಾಗಿ ಕೇಳುವಾಗ ಒಂದು ಕಿವಿ ಹಿಂದಕ್ಕೂ ಇರಲಿ. ಹಾಡುಗಾರ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಒಂದು ತಗ್ಗಿನ ತಂತಿ ಮೆಲ್ಲಗೆ ನಡೆದು ಬರುತ್ತದೆ. ಅದು ಡೀನೊ.